‘ಯಾವ ಕಾಯಿನ್ ತಗೋಬೇಕು?’ ಅಂತ ಕೇಳೋ ಬೀಗರಿಗೆಲ್ಲಾ ಒಂದೇ ಉತ್ತರ, ಜೊತಿಗೆ ‘ಕೊಪ್ಪಳ’ದ ಕಥಿ

ಎಡದಂಡೆ

ಹೋದ ಐತವಾರ ಸಿಂಧನೂರಾಗ ನಮ್ಮ ದೊಡ್ಡಪ್ಪನ ಮೊಮ್ಮಗಳ ಮದಿವಿ. ಪಂಕ್ತಿಯೊಳಗ ಕುಂತೀನಿ, ಎಲಿಗೆ ಹೋಳಿಗಿ ಬೀಳೋದ್ರೊಳಗ ಮೂರು ಮಂದಿ ಕೇಳಿದ್ರು: ‘ಏನೋ ತಮ್ಮ, ನೀ ಕ್ರಿಪ್ಟೋ ಮಾಡ್ತೀಯಂತಲ್ಲ, ಯಾವ ಕಾಯಿನ್ ತಗೋಬೇಕು?’ ನಾಕನೇದವರು ಕೈ ತೊಳಿಯೋ ಕಡಿ ಹಿಡಿದ್ರು. ಎಲ್ಲಾರಿಗೂ ಬ್ಯಾರೆ ಬ್ಯಾರೆ ಹೇಳಿ ಸಾಕಾಗ್ಯದ, ಅದಕ್ಕ ಇಲ್ಲೇ ಬರದು ಬಿಡ್ತೀನಿ. ಲಿಂಕ್ ಕಳಿಸಿದ್ರ ಆತು.

ನಾ ಮಾಡೋದು ವೆಬ್ ಕೆಲಸ. ಒಂಬತ್ತು ವರ್ಷ ಆತು. ಬೆಂಗಳೂರಿನ ಕಂಪನಿಗೆ ಫಾರ್ಮು, ಬಟನ್ನು, ಡ್ಯಾಶ್‌ಬೋರ್ಡು ಬರದು ಕೊಡ್ತೀನಿ. 2020ರಾಗ ಗಂಟು ಕಟ್ಟಿಕೊಂಡು ರಾಯಚೂರಿಗೆ ಬಂದವ ತಿರುಗಿ ಹೋಗಿಲ್ಲ. ಕ್ರಿಪ್ಟೋ ಅನ್ನೋದು ಸಂಜಿ ಮ್ಯಾಲಿನ ಹುಚ್ಚು. ಆ ಹುಚ್ಚಿಗೂ ರೇಟಿಗೂ ಸಂಬಂಧ ಇಲ್ಲ, ಅದಕ್ಕ ಯಾವ ಕಾಯಿನ್ ಅಂತ ನಾ ಹೇಳಂಗಿಲ್ಲ, ಅದೇ ನನ್ನ ಉತ್ತರ. 2008ರ ಅಕ್ಟೋಬರ್ 31ಕ್ಕ ಸತೋಶಿ ನಕಾಮೋಟೋ ಅನ್ನೋ ಹೆಸರಿನಾಗ ಹೊರಗ ಬಂದ ಬಿಟ್‌ಕಾಯಿನ್ ಪ್ರಬಂಧ ಬರೇ ಒಂಬತ್ತು ಪುಟ. ಅದರಾಗ ಎಲ್ಲೂ ‘ಶ್ರೀಮಂತ ಆಗ್ರಿ’ ಅಂತಿಲ್ಲ. ನಡುವ ಯಾವ ಬ್ಯಾಂಕೂ ಇಲ್ಲದೇ, ಒಂದೇ ರೊಕ್ಕಾನ ಎರಡು ಸಲ ಖರ್ಚು ಮಾಡದಂಗ ಹ್ಯಾಂಗ ತಡೀಬೇಕು, ಅದಷ್ಟೇ ಅದರ ಮಾತು. ಖಾತಾ ಪುಸ್ತಕ ಇಟ್ಟವನನ್ನ ನಂಬದೇ, ಪುಸ್ತಕ ಖರೇನೋ ಸುಳ್ಳೋ ನಾವೇ ನೋಡಬಹುದು ಅನ್ನೋದು ನಂಗ ಹಿಡಿಸಿದ ಸಂಗತಿ. ಅಡತಿ ಅಂಗಡಿಯೊಳಗ ಬೆಳದ ಹುಡುಗ ನಾನು, ಹಿಡಿಸದೇ ಏನು?

ಈಗ ಕಥಿಗೆ ಬರ್ತೀನಿ. ನಮ್ಮ ಸೋದರಮಾವನ ಅಡತಿ ಅಂಗಡಿ ಸಿಂಧನೂರಾಗದ. ನೆಲ್ಲಿನ ತೂಕದ ಚೀಟಿಗೆ ಒಂದು ವೆಬ್ ಪುಟ ಮಾಡಿ ಕೊಡು ಅಂದ್ರು. ಬಿಳಿ ಚೀಟಿ ಅಂದ್ರ ಏನು ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಬರದವರ ಕೈಯಾಗ ಪೆನ್ನು ಇರ್ತದ, ರೈತನ ಕೈಯಾಗ ತುಂಡು ಕಾಗದ ಇರ್ತದ. ಅದಕ್ಕ ನಾ ಹಿಂಗ ಮಾಡಿದೆ. 42 ಚೀಲ, ಚೀಲಕ್ಕ 75 ಕೆ.ಜಿ., ಒಟ್ಟು 3150 ಕೆ.ಜಿ., ದರ, ಹಮಾಲಿ, ಊರು, ಜಿಲ್ಲೆ, ತಾರೀಖು, ಎಲ್ಲಾ ಕೂಡಿಸಿ ಶಾ-256 ಅನ್ನೋ ಲೆಕ್ಕಕ್ಕ ಹಾಕೋದು. ಅದರ ಬಾಯಿಗೆ ಒಂದು ಅಕ್ಷರ ಹಾಕ್ರಿ, ಇಡೀ ಪಂಚಾಂಗ ಹಾಕ್ರಿ, 64 ಅಕ್ಷರದ ಒಂದು ಸಾಲು ಉಗುಳ್ತದ, ಅದಕ್ಕ ಹ್ಯಾಶ್ ಅಂತಾರ. 3150 ಇದ್ದದ್ದನ್ನ 3105 ಮಾಡಿದ್ರ ಸಾಲು ಪೂರಾ ಬ್ಯಾರೆ ಆಗ್ತದ, ಗುರುತೇ ಸಿಗಂಗಿಲ್ಲ. ಪ್ರತಿ ಚೀಟಿಯೊಳಗ ಹಿಂದಿನ ಚೀಟಿಯ ಸಾಲನ್ನೂ ಸೇರಿಸೀನಿ. ಅಂದ್ರ ನಡುವಿನ ಒಂದು ಚೀಟಿ ತಿದ್ದಿದ್ರ ಅಲ್ಲಿಂದ ಮುಂದಿನವು ಎಲ್ಲಾ ಕೆಡ್ತಾವ. ರಾತ್ರಿ 8ಕ್ಕ ಆ ದಿನದ ಕೊನಿ ಸಾಲು ರೈತರು, ಹಮಾಲರು ಇರೋ ವಾಟ್ಸಾಪ್ ಗುಂಪಿಗೆ ಹೋಗ್ತದ. ಮಾವನೇ ಬೇಕಂದ್ರೂ ನಾಳಿಗಿ ಇವತ್ತಿನ ತೂಕ ತಿದ್ದಲಿಕ್ಕೆ ಆಗಂಗಿಲ್ಲ.

ಎರಡು ವಾರ ಚಂದ ನಡೀತು. ಮೂರನೇ ವಾರ ಕೊಪ್ಪಳ ಜಿಲ್ಲಾದ ಕಾರಟಗಿ ಕಡಿಯ ಒಬ್ಬ ರೈತ ಚೀಟಿ ಮ್ಯಾಲಿನ ಕ್ಯೂಆರ್ ಚೌಕ ಸ್ಕ್ಯಾನ್ ಮಾಡಿದ, ಕೆಂಪಗ ಬಂತು: ‘ಹೊಂದಂಗಿಲ್ಲ’. ಅಂಗಡಿ ಮುಂದ ಮಂದಿ ಕೂಡಿದ್ರು. ಯಾಕ ಅಂತ ಹುಡುಕಲಿಕ್ಕೆ ಎರಡು ರಾತ್ರಿ ಹೋದವು. ಯಾರಾದ್ರೂ ಊಹಿಸ್ತೀರೇನು? ಒಂದು ಸುಳಿವು ಕೊಡ್ತೀನಿ. ಸಿಂಧನೂರು, ರಾಯಚೂರು, ಮಾನ್ವಿ ಎಲ್ಲಾ ಹಸಿರು. ಕೊಪ್ಪಳ, ಗೊರೇಬಾಳ, ಪೋತ್ನಾಳ ಮಾತ್ರ ಕೆಂಪು.

ಬಿಸಿಲೂರು

ಅಣ್ಣಾ ಪೂರಾ ಓದಿದೆ. ಭಾಳ ಚೊಲೋ ಬರದೀರಿ. ಹಂಗಾರ ಯಾವ ಕಾಯಿನ್ ತಗೋಬೇಕು?

ಎಡದಂಡೆ

ನಿನಗ ಮದಿವಿ ಊಟಕ್ಕ ಕರೀಬಾರದಿತ್ತು.

ಜೀನ್ಸ್_ಓಣಿ

ಬಳ್ಳಾರಿಯಿಂದ. ನಾನೂ ಫ್ರಂಟ್‌ಎಂಡ್ ಕೆಲಸದವಳೇ, ಮನೇಲಿ ಎಲ್ಲರೂ ಜೀನ್ಸ್ ಜಾಬ್‌ವರ್ಕ್ ಮಾಡೋರು. ಸುಳಿವು ನೋಡಿದ ಕೂಡ್ಲೆ ಗೊತ್ತಾಯ್ತು, ಯಾಕಂದ್ರೆ ನಾನು ಇದೇ ಗುಂಡಿಗೆ ಬಿದ್ದು ಎದ್ದೋಳು. ಒತ್ವ, ಓತ್ವ, ಏತ್ವ ಇರೋ ಊರುಗಳೇ ಕೆಡ್ತಿರೋದು, ಅಲ್ವಾ?

‘ಕೊ’ ಅನ್ನೋದನ್ನ ಕಂಪ್ಯೂಟರ್ ಅಕ್ಷರ ಗುರುತಿಸೋ ಪದ್ಧತಿಯಾದ ಯುನಿಕೋಡ್‌ನಲ್ಲಿ ಎರಡು ಥರ ಬರೀಬಹುದು. ‘ಕ’ ಆದ್ಮೇಲೆ ಒತ್ವದ ಚಿಹ್ನೆ ಒಂದೇ ಒಂದು ಹಾಕೋದು ಒಂದು ಥರ. ‘ಕ’ ಆದ್ಮೇಲೆ ಎತ್ವದ ಚಿಹ್ನೆ, ಅದರ ಪಕ್ಕ ಊತ್ವದ ಚಿಹ್ನೆ, ಹೀಗೆ ಎರಡು ತುಂಡು ಮಾಡಿ ಹಾಕೋದು ಇನ್ನೊಂದು ಥರ. ಪರದೆ ಮೇಲೆ ಎರಡೂ ‘ಕೊ’ನೇ, ಕಣ್ಣಿಗೆ ಕೂದಲೆಳೆ ವ್ಯತ್ಯಾಸ ಕಾಣಲ್ಲ. ಆದ್ರೆ ವೆಬ್ ಪುಟಗಳ ಭಾಷೆ ಜಾವಾಸ್ಕ್ರಿಪ್ಟ್‌ನಲ್ಲಿ ‘ಕೊಪ್ಪಳ’ದ ಉದ್ದ ಕೇಳಿ ನೋಡಿ, ಒಂದು ಥರದ್ದು 6 ಅನ್ನುತ್ತೆ, ಇನ್ನೊಂದು 7 ಅನ್ನುತ್ತೆ. ಹ್ಯಾಶ್‌ಗೆ ಕಣ್ಣಿಲ್ಲ, ಅದಕ್ಕೆ ಅವೆರಡೂ ಬೇರೆ ಬೇರೆ ಊರು. ‘ರಾಯಚೂರು’ ಯಾಕೆ ಕೆಡಲಿಲ್ಲ ಅಂದ್ರೆ ಅದರಲ್ಲಿರೋ ದೀರ್ಘ, ಊತ್ವ, ಉತ್ವ ಯಾವುದನ್ನೂ ತುಂಡು ಮಾಡೋಕೆ ಬರಲ್ಲ.

ಪಟ್ಟಿ ಎಲ್ಲಿಂದ ಬಂತು? ಕನ್ನಡ ಟೈಪ್ ಮಾಡೋ ‘ನುಡಿ’ ತಂತ್ರಾಂಶದ ಹಳೇ ಫೈಲಾ?

ಎಡದಂಡೆ

ಅಕ್ಕಾ ಕೈ ಮುಗೀತೀನಿ. ನನಗ ಎರಡು ರಾತ್ರಿ, ನಿಮಗ ಎರಡು ನಿಮಿಷ.

ಹೌದು, ಮಾವನ ಹಂತೇಕ ಊರುಗಳ ಹಳೇ ಎಕ್ಸೆಲ್ ಪಟ್ಟಿ ಇತ್ತು. ನುಡಿಯೊಳಗ ಟೈಪ್ ಮಾಡಿದ್ದು, ಆಮ್ಯಾಲ ಯಾವುದೋ ಪರಿವರ್ತಕ ಹಾಕಿ ಯುನಿಕೋಡ್ ಮಾಡಿದ್ದು. ಆ ಪರಿವರ್ತಕ ಕೊಂಬು, ತಲಿಕಟ್ಟು ಎಲ್ಲಾ ಬಿಡಿಬಿಡಿಯಾಗಿ ಕೊಟ್ಟದ. ಚೀಟಿ ಬರೆಯೋ ಹುಡುಗ ಫೋನಿನ ಕೀಬೋರ್ಡ್‌ನಾಗ ಟೈಪ್ ಮಾಡ್ತಾನ, ಅದು ಇಡಿಯಾಗಿ ಬರ್ತದ. ಹ್ಯಾಶ್ ಮಾಡೋದು ಹುಡುಗನ ಅಕ್ಷರದ ಮ್ಯಾಲ, ಪರೀಕ್ಷೆ ಮಾಡೋದು ಪಟ್ಟಿಯ ಅಕ್ಷರದ ಮ್ಯಾಲ. ತಪ್ಪು ನಂದೇ, ಎರಡೂ ಒಂದೇ ಕಡಿಯಿಂದ ತಗೋಬೇಕಿತ್ತು.

ಕೊನಿಗೆ ರಿಪೇರಿ ಒಂದೇ ಸಾಲು. ಹ್ಯಾಶ್‌ಗೆ ಹಾಕೋಕಿಂತ ಮೊದಲು ನಾರ್ಮಲೈಸ್ ಅಂತ ಕರದು ಎನ್‌ಎಫ್‌ಸಿ ರೂಪಕ್ಕ ತರೋದು. ಫೋನ್ ತಾಗಿಸಿ ರೊಕ್ಕ ಕೊಡ್ತಾರಲ್ಲ ಆ ಎನ್‌ಎಫ್‌ಸಿ ಅಲ್ಲ ಇದು, ತುಂಡು ತುಂಡು ಇದ್ದದ್ದನ್ನ ಕೂಡಿಸೋ ಯುನಿಕೋಡ್ ನಿಯಮ. ಒಂದು ಸಾಲಿನ ಸಲುವಾಗಿ ಆ ರೈತನ ಮುಂದ ಮಾವ ತಲಿ ತಗ್ಗಿಸಿ ನಿಂತಿದ್ರು. ಅದು ಮರೆಯಂಗಿಲ್ಲ ನನಗ.

ಅಡತಿ_ಅಂಗಡಿ

ಅಳಿಯಾ ನನ್ನ ತಲಿ ತಗ್ಗಿಸಿದ್ದು ಊರಿಗೆಲ್ಲಾ ಹೇಳ್ದಿ. ಇರಲಿ. ಆ ರೈತ ಮರುದಿನ ಬಂದು ಚಾ ಕುಡದು ಹೋದ.

ಬಿಸಿಲೂರು

ಮಾವನೂ ಬಂದ್ರು 😂

ಹಟ್ಟಿ_ಮಗ

ನಮ್ಮಪ್ಪ ಹಟ್ಟಿ ಚಿನ್ನದ ಗಣಿಯೊಳಗ ಭೂಮಿ ಕೆಳಗ ಇಳಿಯೋ ಕೆಲಸಗಾರ. ಅದಕ್ಕ ‘ಬಿಟ್‌ಕಾಯಿನ್ ಮೈನಿಂಗ್’ ಅಂದ ಕೂಡಲೇ ಮನ್ಯಾಗ ಪ್ರತಿ ಸಲ ಒಂದೇ ಜಗಳ. ‘ಕಲ್ಲಿಲ್ಲ, ಮಣ್ಣಿಲ್ಲ, ಅದೇನು ಗಣಿಯೋ’ ಅಂತಾನ. ನಾ ಹಿಂಗ ಹೇಳೀನಿ: ಅಪ್ಪಾ, ನಿಮ್ಮಲ್ಲಿ ಇನ್ನೊಂದು ಪಾಳಿ ಹಾಕಿದ್ರ ಅದಿರು ಜಾಸ್ತಿ ಬರ್ತದ. ಇಲ್ಲಿ ಹಂಗಲ್ಲ. ಇಲ್ಲಿ ಗಣಿ ಅಂದ್ರ ಮಷಿನ್ನುಗಳು ಲೆಕ್ಕ ಬಿಡಿಸಿ ಖಾತಾ ಪುಸ್ತಕಕ್ಕ ಹೊಸ ಹಾಳಿ, ಅಂದ್ರ ಬ್ಲಾಕು, ಸೇರಿಸೋದು. ಲೋಕದಾಗ ಎಷ್ಟು ಮಷಿನ್ ಕೂಡ್ಸಿದ್ರೂ ಸುಮಾರು ಹತ್ತು ನಿಮಿಷಕ್ಕ ಒಂದೇ ಬ್ಲಾಕು. ಮಷಿನ್ ಜಾಸ್ತಿ ಆದ್ರ ಕಲ್ಲು ತಾನೇ ಗಟ್ಟಿ ಆಗ್ತದ, 2016 ಬ್ಲಾಕಿಗೆ ಒಮ್ಮೆ ಆ ಗಟ್ಟಿತನ ಹೊಂದಿಸ್ತಾರ. ಶುರುವಿಗೆ ಬ್ಲಾಕಿಗೆ 50 ಬಿಟ್‌ಕಾಯಿನ್ ಸಿಗ್ತಿತ್ತು, 2,10,000 ಬ್ಲಾಕಿಗೊಮ್ಮೆ ಅರ್ಧ ಆಗ್ತಾ ಬಂದು 2024ರ ಏಪ್ರಿಲ್‌ನಿಂದ 3.125. ಒಟ್ಟು 2 ಕೋಟಿ 10 ಲಕ್ಷದ ಮ್ಯಾಲ ಎಂದೂ ಹೋಗಂಗಿಲ್ಲ. ಅಪ್ಪ ಕೇಳಿದ್ದು ಒಂದೇ: ‘ಅಲ್ಲಿ ಕ್ಯಾಂಟೀನ್ ಅದ ಏನು?’

ಮನ್ಯಾಗ ಮಷಿನ್ ಕೂಡ್ಸೋ ಆಸೆ ಇರೋ ತಮ್ಮಗಳಿಗೆ ಒಂದು ಲೆಕ್ಕ. ಒಂದು ಮಷಿನ್ ಮೂರು ಕಿಲೋವ್ಯಾಟ್ ತಿಂತದ ಅಂತ ಹಿಡೀರಿ, ದಿನಕ್ಕ 72 ಯೂನಿಟ್. ಯೂನಿಟ್‌ಗೆ ಏಳು ರೂಪಾಯಿ ಆದ್ರೂ ದಿನಾ 500 ರೂಪಾಯಿ ದಾಟ್ತದ. ಮ್ಯಾಲ ನಮ್ಮ ಬ್ಯಾಸಗಿ. ನಾವೇ ಕೂಲರ್ ಮುಂದ ಕುಂತು ಬೇಯ್ತೀವಿ, ಆ ಮಷಿನ್ನಿಗೆ ಯಾರು ಬೀಸಬೇಕು? ಶಕ್ತಿನಗರದಾಗ 1720 ಮೆಗಾವ್ಯಾಟ್ ಸ್ಥಾವರ ಇದ್ರೂ ನಮ್ಮ ಓಣ್ಯಾಗ ಕರೆಂಟ್ ಹೋಗೋದು ತಪ್ಪಿಲ್ಲ. ಇಥೀರಿಯಂ ಅನ್ನೋ ಇನ್ನೊಂದು ಕ್ರಿಪ್ಟೋದ ಮೈನಿಂಗ್ ಅಂತ ಯಾರಾದ್ರೂ ಹೇಳಿದ್ರ ಎದ್ದು ಬರ್ರಿ, ಅದು 2022ರ ಸೆಪ್ಟೆಂಬರ್ 15ಕ್ಕೇ ನಿಂತದ.

ಕಿನ್ನಾಳ_ಗೊಂಬಿ

ಎಲ್ಲರೂ ಬಾಳ ತಿಳಿದೋರ ಅದೀರಿ, ನನ್ನ ಒಂದು ಮಾತು ಕೇಳ್ರಿ. ನಾ ಕೊಪ್ಪಳದಾಗ ಡಿಗ್ರಿ ಓದಾಕತ್ತೀನಿ. ನಮ್ಮ ಚಿಗಪ್ಪ ಒಂದು ‘ಕಾಯಿನ್’ಗೆ ರೊಕ್ಕ ಹಾಕ್ಯಾನ. ಲಾಡ್ಜಿನ ಹಾಲಿನಾಗ ಮೀಟಿಂಗ್ ಮಾಡಿದ್ರಂತ, ಕೋಟು ಹಾಕ್ಕೊಂಡವ ಬಂದು ಪರದೆ ಮ್ಯಾಲ ತೋರಿಸಿದ್ನಂತ. ಇಬ್ಬರನ್ನ ಸೇರಿಸಿದ್ರ ಬೋನಸ್. ನೆಲ್ಲು ಮಾರಿದ ರೊಕ್ಕದಾಗ 1,80,000 ಕೊಟ್ಟಾನ. ಪ್ಲೇಸ್ಟೋರಿನ ಆ್ಯಪ್ ಅಲ್ಲ, ಲಿಂಕ್ ಒತ್ತಿದ್ರ ತೆಗೀತೈತಿ. ಒಳಗ ನೋಡಿದ್ರ ಈಗ 4 ಲಕ್ಷದ ಮ್ಯಾಲ ತೋರಸ್ತೈತಿ, ಕಣ್ಣ ಮುಂದನ ಏರತೈತಿ. ತೆಗೀಬೇಕಂದ್ರ ಮೊದಲು ‘ಟ್ಯಾಕ್ಸ್’ ಅಂತ 62,000 ಕಟ್ಟಬೇಕಂತ. ಚಿಗಪ್ಪ ಚಿನ್ನ ಅಡ ಇಡಾಕ ಹೊಂಟಾನ. ಇದು ಖರೇ ಇರಬಹುದಾ?

ಎಡದಂಡೆ

ಏ ತಂಗಿ, ಚಿನ್ನ ಅಡ ಇಡಬ್ಯಾಡ ಅಂತ ಮೊದಲು ಹೇಳು. ಈಗಲೇ ಫೋನ್ ಮಾಡು. ಆಮ್ಯಾಲ ಬಂದು ಕೆಳಗಿಂದು ಮಾಡು.

ಲ್ಯಾಪ್‌ಟಾಪಿನಾಗ ಆ ಲಿಂಕ್ ತೆಗಿ. ಚಿಗಪ್ಪನ ಕಡಿಯಿಂದ ಲಾಗಿನ್ ಮಾಡಿಸು. ಆ ಏರೋ ಅಂಕಿ ಕಾಣ್ತಿರುವಾಗ ವೈಫೈ ಬಂದ್ ಮಾಡು. ಮೊಬೈಲ್ ಹಾಟ್‌ಸ್ಪಾಟೂ ಬಂದ್. ಅಂಕಿ ನಿಲ್ತದೋ ಏರ್ತದೋ ನೋಡು.

ಕಿನ್ನಾಳ_ಗೊಂಬಿ

ಅಣ್ಣಾ ನೆಟ್ ಬಂದ್ ಮಾಡೀನಿ. ಆದ್ರೂ ಏರಾಕತ್ತೈತಿ. 4,11,206 ಇತ್ತು, ಈಗ 4,11,219. ಚಿಗಪ್ಪ ಬಾಜೂಕ ನಿಂತು ನೋಡಾಕತ್ತಾನ.

ಎಡದಂಡೆ

ಆ ಅಂಕಿಗೆ ಎಲ್ಲಿಂದಲೂ ಸುದ್ದಿ ಬರ್ತಿಲ್ಲ ತಂಗಿ. ನಿಮ್ಮ ಲ್ಯಾಪ್‌ಟಾಪೇ ಅದನ್ನ ಏರಿಸ್ಲಿಕತ್ತದ. ಸೆಟ್‌ಇಂಟರ್ವಲ್ ಅಂತ ಒಂದು ಜಾವಾಸ್ಕ್ರಿಪ್ಟ್ ಆಜ್ಞೆ ಅದ: ಇಷ್ಟು ಸೆಕೆಂಡಿಗೊಮ್ಮೆ ಇದನ್ನ ಮಾಡು ಅಂತ. ಸೆಕೆಂಡಿಗೊಮ್ಮೆ ಅಂಕಿಗೆ ಒಂದಿಷ್ಟು ಕೂಡಿಸು ಅಂತ ಬರದಾರ, ಮುಗೀತು. ಕೆಲಸಕ್ಕ ಸೇರಿದ ಮೊದಲನೇ ತಿಂಗಳು ನಾನೂ ಇಂಥದ್ದು ಬರದೀನಿ, ಒಂದು ಸೀರಿ ಅಂಗಡಿ ಪುಟಕ್ಕ ‘ಆಫರ್ ಮುಗಿಯಲಿಕ್ಕೆ ಇಷ್ಟು ಸೆಕೆಂಡ್’ ಅಂತ. ಅದು ಇಳಿತಿತ್ತು, ಇದು ಏರ್ತದ. ನಡುವಿನ ಫರಕು ಕೂಡಿಸೋ ಚಿಹ್ನೆ, ಕಳಿಯೋ ಚಿಹ್ನೆ.

ಒಂದು ನ್ಯಾಯದ ಮಾತು. ಖರೇ ತಾಣಗಳೂ ಕೆಲವು ಸಲ ಗಡಿಯಾರದಂಥಾ ಅಂಕಿ ಬ್ರೌಸರಿನಾಗೇ ಓಡಿಸ್ತಾವ, ಅಷ್ಟಕ್ಕ ಕಳ್ಳ ಅನ್ನಂಗಿಲ್ಲ. ಆದ್ರ ಬ್ಯಾಲೆನ್ಸು ನೆಟ್ ಇಲ್ಲದ ಏರ್ತದ, ರೊಕ್ಕ ತೆಗೀಲಿಕ್ಕೆ ಮೊದಲು ರೊಕ್ಕ ಕಟ್ಟು ಅಂತಾರ, ಇಬ್ಬರನ್ನ ಸೇರಿಸು ಅಂತಾರ. ಮೂರೂ ಕೂಡಿ ಬಂದ್ಮ್ಯಾಲ ಕೇಳೋದೇನು ಉಳೀತು? ಇನ್ನೊಂದು ನೋಡು. ಬಿಟ್‌ಕಾಯಿನ್ ಇರಲಿ, ಇಥೀರಿಯಂ ಇರಲಿ, ಸಾರ್ವಜನಿಕ ಸರಪಳಿ (ಬ್ಲಾಕ್‌ಚೈನ್, ಅಂದ್ರ ಎಲ್ಲಾರಿಗೂ ಕಾಣೋ ಆ ಖಾತಾ ಪುಸ್ತಕ) ಮ್ಯಾಲಿನ ಯಾವ ವಿಳಾಸದಾಗ, ಅಂದ್ರ ಖಾತೆ ನಂಬರಿನಂಥದ್ದರಾಗ, ಎಷ್ಟದ ಅಂತ ಎಕ್ಸ್‌ಪ್ಲೋರರ್ ಅನ್ನೋ ವೆಬ್ ಪುಟ ತೆಗೆದು ಯಾರು ಬೇಕಾದ್ರೂ ನೋಡಬಹುದು. ‘ನಿಮ್ಮ ಕಾಯಿನ್ ಯಾವ ಚೈನ್ ಮ್ಯಾಲದ, ವಿಳಾಸ ಕೊಡ್ರಿ’ ಅಂತ ಕೇಳಿ ನೋಡು. ಕೋಟಿನವ ಸಿಟ್ಟಾಗ್ತಾನ.

ತಡ ಮಾಡಬ್ಯಾಡ, ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಮಾಡ್ರಿ. ರೊಕ್ಕ ಹೋದ ಬ್ಯಾಂಕ್ ಖಾತೆ, ತಾರೀಖು, ಯುಪಿಐ ನಂಬರ್, ಆ ಪುಟದ ಸ್ಕ್ರೀನ್‌ಶಾಟ್ ಎಲ್ಲಾ ಕೈಯಾಗ ಇಟ್ಕೊಂಡು ಮಾಡ್ರಿ. ಸೈಬರ್ ಕ್ರೈಂ ಪೋರ್ಟಲ್‌ನಾಗೂ ದೂರು ಹಾಕ್ರಿ.

ಕಿನ್ನಾಳ_ಗೊಂಬಿ

ಚಿಗಪ್ಪ ಏನೂ ಮಾತಾಡವಲ್ಲ. ಕಟ್ಟಿ ಮ್ಯಾಲ ಹೋಗಿ ಕುಂತಾನ. 1930 ಹಚ್ಚಾಕತ್ತೀನಿ.

ಲೆಕ್ಕದಾಕಿ

ಬಳ್ಳಾರಿಯಲ್ಲಿ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡ್ತೀನಿ. ಆ ತಂಗಿಗೆ ಒಂದು ಮಾತು: ತೆರಿಗೆಯನ್ನ ಯಾವ ಕಾಯಿನ್ ಕಂಪನಿಯೂ ‘ಮೊದಲು ನಮಗೆ ಕಟ್ಟಿ, ಆಮೇಲೆ ನಿಮ್ಮ ದುಡ್ಡು ಬಿಡ್ತೀವಿ’ ಅಂತ ಕೇಳಲ್ಲ. ನಿಜವಾದ ತೆರಿಗೆ ಹೇಗಿದೆ ಅಂತ ಗೊತ್ತಿದ್ರೆ ಸುಳ್ಳು ತೆರಿಗೆ ಬೇಗ ಗುರುತು ಸಿಗುತ್ತೆ, ಅದಕ್ಕೇ ಬರೀತಿದೀನಿ.

2022ರ ಬಜೆಟ್‌ನಲ್ಲಿ ಬಂದ ನಿಯಮ ಇದು. ಕ್ರಿಪ್ಟೋ ಲಾಭದ ಮೇಲೆ 30%, ಅದರ ಮೇಲೆ 4% ಸೆಸ್, ಒಟ್ಟು 31.2%. ಇದನ್ನ ನೀವು ಸರ್ಕಾರಕ್ಕೆ ಕಟ್ಟೋದು, ರಿಟರ್ನ್‌ನಲ್ಲಿ ತೋರಿಸಿ. 2022ರ ಜುಲೈ 1ರಿಂದ ಮಾರಾಟದ ಮೊತ್ತದ ಮೇಲೆ 1% ಟಿಡಿಎಸ್ ಕೂಡ ಇದೆ, ಅದನ್ನ ಎಕ್ಸ್‌ಚೇಂಜ್‌ನವರು (ಕಾಯಿನ್ ಕೊಳ್ಳೋ ಮಾರೋ ತಾಣದವರು) ಹಿಡ್ಕೊಂಡು ನಿಮ್ಮ ಪ್ಯಾನ್‌ಗೆ ಜಮಾ ಮಾಡ್ತಾರೆ.

ಜನ ಎಡವೋದು ನಷ್ಟದ ವಿಷಯದಲ್ಲಿ. ಒಬ್ಬ ಹುಡುಗ ನಮ್ಮ ಆಫೀಸಿಗೆ ಬಂದಿದ್ದ. ಒಂದು ಕಾಯಿನ್‌ನಲ್ಲಿ 20,000 ಲಾಭ, ಇನ್ನೊಂದರಲ್ಲಿ 20,000 ನಷ್ಟ. ‘ಮೇಡಂ, ಸೊನ್ನೆಗೆ ಸೊನ್ನೆ’ ಅಂದ. ಇಲ್ಲಪ್ಪ, ನಷ್ಟವನ್ನ ಲಾಭಕ್ಕೆ ವಜಾ ಹಾಕೋ ಹಾಗಿಲ್ಲ, 6,240 ಕಟ್ಟು ಅಂದೆ. ಮುಖ ನೋಡೋಕಾಗ್ಲಿಲ್ಲ. ಮುಂದಿನ ವರ್ಷಕ್ಕೂ ಆ ನಷ್ಟ ಒಯ್ಯೋಕೆ ಬರಲ್ಲ. ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯೋ ಹಾಗಿಲ್ಲ, ಇಂಟರ್ನೆಟ್ ಬಿಲ್ ಕೂಡ ಇಲ್ಲ.

ಬಿಸಿಲೂರು

ಮೇಡಂ ಹಂಗಾರ ಇದು ಲೀಗಲ್ ಅದ ಏನ್ರಿ? ಬ್ಯಾನ್ ಆಗ್ಯದ ಅಂತಾರ ಕೆಲವರು.

ಲೆಕ್ಕದಾಕಿ

ಬ್ಯಾನ್ ಇಲ್ಲ, ಆದ್ರೆ ರೂಪಾಯಿ ಥರ ಚಲಾವಣೆಯ ಹಣವೂ ಅಲ್ಲ. 2018ರ ಏಪ್ರಿಲ್‌ನಲ್ಲಿ ಆರ್‌ಬಿಐ ಬ್ಯಾಂಕುಗಳಿಗೆ ಈ ವ್ಯವಹಾರದವರ ಜೊತೆ ಸೇರಬೇಡಿ ಅಂತ ಸುತ್ತೋಲೆ ಹೊರಡಿಸಿತ್ತು, ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ಕ್ಕೆ ಅದನ್ನ ರದ್ದು ಮಾಡ್ತು. 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ಬಂದಿವೆ, ಗ್ರಾಹಕರ ಗುರುತು ಇಟ್ಕೊಳ್ಳಬೇಕು. ‘ಗುಟ್ಟಾಗಿರುತ್ತೆ, ಯಾರಿಗೂ ಗೊತ್ತಾಗಲ್ಲ’ ಅಂತ ಹೇಳೋರನ್ನ ನಂಬಬೇಡಿ.

ಹಟ್ಟಿ_ಮಗ

ಆ ಗುಟ್ಟಿನ ಮಾತಿಗೆ ನಮ್ಮ ಕಡಿದೇ ಒಂದು ದೃಷ್ಟಾಂತ ಅದ. ಹಟ್ಟಿಯಿಂದ ಮಸ್ಕಿ ದೂರ ಇಲ್ಲ, ಸಣ್ಣವರಿದ್ದಾಗ ಸಾಲಿಯಿಂದ ಕರಕೊಂಡು ಹೋಗಿದ್ರು.

ದೇಶದ ತುಂಬಾ ಬಂಡೆಗಲ್ಲಿನ ಮ್ಯಾಲ, ಕಂಬದ ಮ್ಯಾಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅಂತ ಒಬ್ಬ ರಾಜ ಬರಸಿದ್ದು ಸಿಗ್ತಿತ್ತು. ಓದಲಿಕ್ಕೆ ಬಂದ್ಮ್ಯಾಲೂ ಇವ ಯಾರು ಅನ್ನೋದಕ್ಕ ಸಿಂಹಳದ ಗ್ರಂಥಗಳ ಆಧಾರದ ಮ್ಯಾಲೆ ಅಶೋಕ ಅಂತ ಹೇಳ್ತಿದ್ರು. ಕಲ್ಲಿನ ಮ್ಯಾಲೇ ಹೆಸರು ಇದ್ದಿಲ್ಲ. 1915ರಾಗ ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರಿಗೆ ಮಸ್ಕಿ ಬೆಟ್ಟದಾಗ ಒಂದು ಶಾಸನ ಸಿಕ್ತು. ಅದರಾಗ ದೇವಾನಾಂಪ್ರಿಯನ ಜೊತಿಗೆ ‘ಅಶೋಕ’ ಅನ್ನೋ ಹೆಸರೂ ಇತ್ತು. ಒಂದು ಕಲ್ಲು ಸಿಕ್ಕಿದ್ದಕ್ಕ ಉಳದ ಕಲ್ಲೆಲ್ಲಾ ಯಾರವು ಅನ್ನೋದು ಖಾತ್ರಿ ಆತು. ಆಮ್ಯಾಲ ನಿಮ್ಮ ಬಳ್ಳಾರಿ ಕಡಿಯ ನಿಟ್ಟೂರು, ಉದೇಗೊಳ್ಳದಾಗೂ ಆ ಹೆಸರು ಸಿಕ್ಕದ.

ಬಿಟ್‌ಕಾಯಿನ್ ವಿಳಾಸ ಅಂದ್ರ ದೇವಾನಾಂಪ್ರಿಯ. ಹೆಸರಿಲ್ಲ, ಆದ್ರ ಮಾಡಿದ್ದೆಲ್ಲಾ ಬಯಲಾಗ ಕೆತ್ತಿ ಇಟ್ಟದ, ಅಳಸಲಿಕ್ಕೆ ಬರಂಗಿಲ್ಲ. ಎಕ್ಸ್‌ಚೇಂಜ್‌ಗೆ ನೀ ಕೊಟ್ಟ ಆಧಾರ್, ಪ್ಯಾನ್ ಮಸ್ಕಿ ಶಾಸನ. ಅದೊಂದು ಕೂಡಿದ್ರ ಸಾಕು, ಹಿಂದಿನದೆಲ್ಲಾ ನಿನ್ನ ಹೆಸರಿಗೇ.

ಜೀನ್ಸ್_ಓಣಿ

ಇದನ್ನ ನಾನು ಕದೀತೀನಿ, ನಮ್ಮ ಟೀಮ್‌ಗೆ ಹೇಳೋಕೆ.

ಎಡದಂಡೆ ಅವರೇ, ನಿಮ್ಮ ಚೀಟಿ ಬಗ್ಗೆ ಎರಡು ಮಾತು. ಒಂದು, ರೈತರ ಫೋನ್ ನಂಬರ್‌ನ ಹ್ಯಾಶ್ ಮಾಡಿ ಗುಂಪಿಗೆ ಹಾಕ್ತಿಲ್ಲ ತಾನೇ? ಹ್ಯಾಶ್ ಅಂದ್ರೆ ಗುಟ್ಟು ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಫೋನ್ ನಂಬರ್ ಹತ್ತೇ ಅಂಕಿ. ಇರೋ ನಂಬರ್‌ಗಳನ್ನೆಲ್ಲಾ ಒಂದೊಂದಾಗಿ ಹ್ಯಾಶ್ ಮಾಡಿ ಹೋಲಿಸಿದ್ರೆ ಯಾವುದು ಅಂತ ಸಿಕ್ಕಿಬಿಡುತ್ತೆ, ಈಗಿನ ಕಂಪ್ಯೂಟರಿಗೆ ಅದೇನು ದೊಡ್ಡ ಕೆಲಸ ಅಲ್ಲ. ಹಾಕಲೇಬೇಕಂದ್ರೆ ಊಹಿಸೋಕಾಗದ ಒಂದು ಉದ್ದದ ಗುಟ್ಟಿನ ಪದ ಜೊತೆ ಸೇರಿಸಿ.

ಎರಡು, ಪಿಡಿಎಫ್ ಹೇಗೆ ಮಾಡ್ತಿದೀರಿ? ಬ್ರೌಸರ್‌ನಲ್ಲೇ ಪಿಡಿಎಫ್ ಮಾಡಿಕೊಡೋ ಜೆಎಸ್‌ಪಿಡಿಎಫ್ ಥರದ್ದು ಹಾಕಿದ್ರೆ ಒತ್ತಕ್ಷರ ಕೆಟ್ಟು ಹೋಗುತ್ತೆ. ‘ಬಳ್ಳಾರಿ’ಯ ಒತ್ತು ಕೆಳಗೆ ಕೂರದೆ ಪಕ್ಕದಲ್ಲಿ ಬಂದು ನಿಲ್ಲುತ್ತೆ. ಜೀನ್ಸ್ ಪ್ಯಾಂಟಿಗೆ ಜೇಬು ಹೊರಗೆ ಹೊಲಿದ ಹಾಗೆ.

ಎಡದಂಡೆ

ಫೋನ್ ನಂಬರ್ ಹಾಕೀನಿ ಅಕ್ಕಾ 🤦 ಇವತ್ತೇ ತೆಗೀತೀನಿ. ಇದು ನನ್ನ ತಲಿಗೆ ಹೊಳದೇ ಇದ್ದಿಲ್ಲ.

ಪಿಡಿಎಫ್‌ನಾಗ ನೀವು ಹೇಳಿದಂಗೇ ಆಗಿತ್ತು. ಈಗ ಬ್ರೌಸರಿಂದಲೇ ನೇರ ಪ್ರಿಂಟ್ ಕೊಡ್ತೀನಿ, ಬ್ರೌಸರಿಗೆ ಕನ್ನಡದ ಒತ್ತು ಕೂಡಿಸಲಿಕ್ಕೆ ಬರ್ತದ.

ಕೇಳಬೇಕಂದ ಖರೇ ಪ್ರಶ್ನೆ ಇನ್ನೂ ಉಳದದ. ಇದನ್ನ ಬ್ಲಾಕ್‌ಚೈನ್ ಮ್ಯಾಲ ಹಾಕಬೇಕೋ ಬ್ಯಾಡೋ? ಕಂಪನಿಯ ಗೆಳೆಯರು ‘ಹಾಕು, ರೆಸ್ಯೂಮೆಗೆ ಚೊಲೋ’ ಅಂತಾರ.

ಜೀನ್ಸ್_ಓಣಿ

ರೆಸ್ಯೂಮೆಗೆ ಹಾಕಿ, ಚೀಟಿಗೆ ಬೇಡ. ನೀವು ಮಾಡಿರೋದು ಬಿಟ್‌ಕಾಯಿನ್‌ಗಿಂತ ಹಳೇದು. 1991ರಲ್ಲಿ ಹೇಬರ್, ಸ್ಟಾರ್ನೆಟ್ಟಾ ಅಂತ ಇಬ್ಬರು ದಾಖಲೆಗಳ ಹ್ಯಾಶ್‌ಗಳನ್ನ ಒಂದಕ್ಕೊಂದು ಪೋಣಿಸೋ ದಾರಿ ಬರೆದಿದ್ರು. ಆಮೇಲೆ ಅವರ ಕಂಪನಿ ವಾರಕ್ಕೊಮ್ಮೆ ಒಂದು ಹ್ಯಾಶ್‌ನ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಸಣ್ಣ ಜಾಹೀರಾತಾಗಿ ಹಾಕಿಸ್ತಿತ್ತು. ಪತ್ರಿಕೆಯ ಪ್ರತಿ ಊರೆಲ್ಲಾ ಹಂಚಿ ಹೋದ ಮೇಲೆ ಯಾರು ತಿದ್ದೋಕಾಗುತ್ತೆ? ಸತೋಶಿಯ ಆ ಒಂಬತ್ತು ಪುಟದಲ್ಲಿ ಇವರಿಬ್ಬರ ಉಲ್ಲೇಖ ಇದೆ. ನಿಮ್ಮ ವಾಟ್ಸಾಪ್ ಗುಂಪು ಆ ಪತ್ರಿಕೆ.

ಇನ್ನೂ ಗಟ್ಟಿ ಬೇಕಂದ್ರೆ ಓಪನ್‌ಟೈಮ್‌ಸ್ಟ್ಯಾಂಪ್ಸ್ ಅನ್ನೋ ಸೇವೆ ಇದೆ. ರಾತ್ರಿಯ ಒಂದು ಸಾಲು ಕೊಟ್ರೆ ಸಾವಿರಾರು ಜನರದ್ದು ಒಟ್ಟು ಮಾಡಿ ಒಂದೇ ಬಿಟ್‌ಕಾಯಿನ್ ವ್ಯವಹಾರದಲ್ಲಿ ಸೇರಿಸುತ್ತೆ, ನಿಮಗೆ ಖರ್ಚಿಲ್ಲ.

ಎಡದಂಡೆ

ಅದನ್ನೂ ಹಚ್ಚಿ ನೋಡೀನಿ, ಕೆಲಸ ಮಾಡ್ತದ. ಆದ್ರ ಮಾರ್ಕೆಟ್ಟಿನಾಗ ಇದುವರೆಗೂ ಯಾರೂ ಅದನ್ನ ಕೇಳಿಲ್ಲ. ಕೇಳಿದ್ದೆಲ್ಲಾ ‘ಅಕ್ಷರ ದೊಡ್ಡದು ಮಾಡು’ ಅಂತ.

ಅಡತಿ_ಅಂಗಡಿ

ನಾ ಒಂದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಲವತ್ತು ವರ್ಷದಿಂದ ಗಾದಿ ಮ್ಯಾಲ ಕುಂತೀನಿ. ಮೋಸ ಆಗೋದು ಚೀಟ್ಯಾಗ ಅಲ್ಲ, ಕಾಟಾದಾಗ. ತೂಕದ ಕಲ್ಲಿನ ಕೆಳಗ ಏನು ಇಟ್ಟಾರ, ಹಸಿ ಅದ ಅಂತ ಎಷ್ಟು ಕಡದಾರ, ಅದು ನಿಮ್ಮ 64 ಅಕ್ಷರಕ್ಕ ಕಾಣಂಗಿಲ್ಲ. ತಪ್ಪು ತೂಗಿ ಬರದ್ರ ಆ ತಪ್ಪೇ ಗಟ್ಟಿ ಆಗಿ ಕುಂದರ್ತದ.

ಹಟ್ಟಿ_ಮಗ

ಮಾವನವರು ಗುಂಡು ಹೊಡದಂಗ ಹೇಳಿದ್ರು.

ಎಡದಂಡೆ

ಇದಕ್ಕ ನನ್ನ ಹಂತೇಕ ಉತ್ತರ ಇಲ್ಲ ಮಾವ. ಎಲೆಕ್ಟ್ರಾನಿಕ್ ಕಾಟಾದಿಂದ ತೂಕ ನೇರ ಪುಟಕ್ಕ ಬರಂಗ ಮಾಡಬಹುದು, ಕ್ರೋಮ್‌ನಾಗ ವೆಬ್ ಸೀರಿಯಲ್ ಅಂತ ಒಂದು ಸೌಲಭ್ಯ ಅದ, ವೈರ್ ಹಚ್ಚಿದ್ರ ಓದ್ತದ. ನಡುವ ಕೈಯಿಂದ ಬರಿಯೋದು ತಪ್ಪತದ. ಆದ್ರ ಕಾಟಾನೇ ಸುಳ್ಳು ಹೇಳಿದ್ರ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ನೋಡಬೇಕು, ನನ್ನ ಕೋಡ್ ಅಲ್ಲ.

ಬಿಸಿಲೂರು

ಗೆಳೆಯನ ಕ್ರಿಪ್ಟೋ ವಾಲೆಟ್ ಖಾಲಿ ಆತು ಮೊನ್ನೆ. ವಾಲೆಟ್ ತೆರೆಯೋ ಹನ್ನೆರಡು ಪದದ್ದು ಸ್ಕ್ರೀನ್‌ಶಾಟ್ ಹೊಡದು ಗ್ಯಾಲರಿಯೊಳಗ ಇಟ್ಟಿದ್ದ. ‘ಸಪೋರ್ಟ್’ ಅಂತ ಫೋನ್ ಮಾಡಿದವಗ ಅದನ್ನೇ ಕಳಿಸ್ಯಾನ.

ಜೀನ್ಸ್_ಓಣಿ

ಅಯ್ಯೋ. ಆ ಹನ್ನೆರಡು ಪದ ಕೇಳೋರು ಯಾರೇ ಇರಲಿ ಕಳ್ಳರೇ, ಇದಕ್ಕೆ ವಿನಾಯಿತಿ ಇಲ್ಲ. 2048 ಪದಗಳ ಪಟ್ಟಿಯಿಂದ ಆರಿಸಿರೋ ಪದ ಅವು, ಅವೇ ಬೀಗದ ಕೈ. ನಮ್ಮ ಅವ್ವ ಇಂಗ್ಲಿಷ್ ಓದಲ್ಲ, ಆದ್ರೂ ಅಕ್ಷರ ನೋಡ್ಕೊಂಡು ನೋಡ್ಕೊಂಡು ಕಾಗದದ ಮೇಲೆ ಚಿತ್ರ ಬಿಡಿಸಿದ ಹಾಗೆ ಬರೆದಿಟ್ಟಿದಾಳೆ, ಅಕ್ಕಿ ಡಬ್ಬಿ ಒಳಗೆ.

ಆ ಪಟ್ಟಿ ಜಪಾನಿ, ಕೊರಿಯನ್, ಫ್ರೆಂಚ್, ಜೆಕ್ ಭಾಷೆಗಳಲ್ಲಿದೆ, ಕನ್ನಡದಲ್ಲಿಲ್ಲ. ಒಂದು ರಾತ್ರಿ ಕೂತು ಮಾಡೋಣ ಅಂದ್ಕೊಂಡೆ. 300 ಪದಕ್ಕೆ ಸುಸ್ತಾಯ್ತು. ‘ಬಳೆ’ ಹಾಕಿದ್ರೆ ‘ಬೆಳೆ’ ಹಾಕೋಕಾಗಲ್ಲ, ಆತುರದಲ್ಲಿ ಬರೆದ್ರೆ ಒಂದೇ ಥರ ಕಾಣುತ್ತೆ. ‘ಹಾಲು’ ಇದ್ರೆ ‘ಹಲ್ಲು’ ಬೇಡ. ಸಾಲದ್ದಕ್ಕೆ ಅಲ್ಲೂ ನಿಮ್ಮ ಕೊಪ್ಪಳದ ಕಾಟ: ಆ ಪಟ್ಟಿಯ ನಿಯಮ ಎಲ್ಲವನ್ನೂ ತುಂಡು ಮಾಡೋ ಯುನಿಕೋಡ್ ರೂಪಕ್ಕೆ ತಂದೇ ಲೆಕ್ಕ ಹಾಕುತ್ತೆ, ನೀವು ಕೂಡಿಸಿದ್ದಕ್ಕೆ ಪೂರ್ತಿ ಉಲ್ಟಾ.

ಎಡದಂಡೆ

300 ಪದ ಕಳಿಸ್ರಿ ಅಕ್ಕಾ, ನಮ್ಮ ಕಡಿ ಪದ ನಾ ಸೇರಿಸ್ತೀನಿ. ‘ಕಾಟಾ’, ‘ಗಾದಿ’, ‘ಹಗೇವು’.

ಕಿನ್ನಾಳ_ಗೊಂಬಿ

ಎಲ್ಲಾರಿಗೂ ತಿಳಸ್ತೀನಿ. ದೂರು ಬರಕೊಂಡ್ರು. ಹೋದ ವಾರ ಕಳಿಸಿದ 40,000 ಯಾವ ಖಾತೆಗೆ ಹೋಗೈತೋ ಅದನ್ನ ತಡೆ ಹಿಡಿಯಾಕ ನೋಡ್ತೀವಿ ಅಂದಾರ, ಹಳೇದು ಗೊತ್ತಿಲ್ಲ ಅಂದ್ರು. ಬಂಗಾರ ಮನ್ಯಾಗ ಐತಿ. ಚಿಗಪ್ಪ ತಾನು ಸೇರಿಸಿದ ಇಬ್ಬರ ಮನಿಗೂ ಹೋಗಿ ಬಂದ, ಅವರಿಗೂ ವೈಫೈ ಬಂದ್ ಮಾಡಿ ತೋರಿಸ್ಯಾನಂತ. ಒಬ್ಬರು ನಂಬಿದ್ರು, ಇನ್ನೊಬ್ಬರು ‘ನಿನಗ ಹೊಟ್ಟಿಕಿಚ್ಚು’ ಅಂದ್ರಂತ.

ಎಡದಂಡೆ

ಹುಷಾರು ತಂಗಿ. ಇನ್ನ ಸ್ವಲ್ಪ ದಿನಕ್ಕ ‘ಹೋದ ರೊಕ್ಕ ವಾಪಸ್ ಕೊಡಿಸ್ತೀವಿ, ಫೀಸ್ ಕಟ್ರಿ’ ಅಂತ ಒಂದು ಫೋನ್ ಬರಬಹುದು. ಅವರೂ ಅದೇ ಗುಂಪಿನವರೇ ಇರ್ತಾರ.

ಚೀಟಿಯ ಸುದ್ದಿ: ಫೋನ್ ನಂಬರ್ ತೆಗದೀನಿ. ನಾರ್ಮಲೈಸ್ ಹಾಕೀನಿ. ಆದ್ರ ಒಂದು ತೊಡಕು ಆತು. ಹಳೇ ಚೀಟಿಗಳನ್ನ ಹೊಸ ರೀತಿ ಲೆಕ್ಕ ಹಾಕಿದ್ರ ಸಾಲು ಬದಲಾಗ್ತದ, ಬದಲಾದ್ರ ಅಲ್ಲಿಂದ ಮುಂದಿನದೆಲ್ಲಾ ಕೆಡ್ತದ. ತಿದ್ದಲಿಕ್ಕೆ ಬರಬಾರದು ಅಂತ ನಾನೇ ಕಟ್ಟಿದ್ದು, ಈಗ ನನಗೇ ತಿದ್ದಲಿಕ್ಕೆ ಬರಂಗಿಲ್ಲ. ಅದಕ್ಕ ಹಳೇವು ಹಂಗೇ ಇರ್ತಾವ, ‘ಆವೃತ್ತಿ 1’ ಅಂತ. ಸೋಮವಾರದಿಂದ ‘ಆವೃತ್ತಿ 2’. ಪರೀಕ್ಷೆಯ ಪುಟ ಯಾವುದು ಅಂತ ನೋಡಿ ಆ ಪ್ರಕಾರ ಲೆಕ್ಕ ಹಾಕ್ತದ.

ಅಡತಿ_ಅಂಗಡಿ

ಆವೃತ್ತಿ ಇರಲಿ ಅಳಿಯಾ. ಗೊರೇಬಾಳದವರು ಟ್ರ್ಯಾಕ್ಟರ್ ತಂದಾರ. ಚೀಟಿ ಮ್ಯಾಲಿನ ಆ ಚೌಕ ಭಾಳ ಸಣ್ಣದು ಬರ್ತದ, ಅವರ ಫೋನ್ ಹಿಡಿಯವಲ್ದು.

ಎಡದಂಡೆ

ರೋಲ್ ಅಗಲ ಎಷ್ಟದ ನೋಡ್ರಿ ಮಾವ, 58 ಎಂಎಂ ಇರಬೇಕು. 80ದು ಬರಂಗಿದ್ರ ಪ್ರಿಂಟರೇ ಬದಲಿ ಮಾಡಬೇಕು. ಇವತ್ತಿಗೆ ಹ್ಯಾಶ್ ಸಾಲಿನ ಎಂಟು ಅಕ್ಷರ ಕೈಯಿಂದ ಹಾಕಿದ್ರೂ ಪುಟ ತೋರಸ್ತದ, ಅವರಿಗೆ ಹಂಗ ಹೇಳ್ರಿ. ನಾಳಿಗಿ ಏಳರ ಬಸ್ಸಿಗೆ ಬರ್ತೀನಿ.

ಅಡತಿ_ಅಂಗಡಿ

ಬರುವಾಗ ರೋಲ್ ನಾಕು ತಗೊಂಡು ಬಾ. ಇಲ್ಲಿ ಖಾಲಿ ಆಗ್ಯಾವ.